ಆ ಎರಡು ವಯಲ್‌ಗಳ ವಿಷಯ ನಾಳೆಯೇ ಹೇಳು

ಈ ತಿಂಗಳು ಬಂದ ಕಾಗದಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ. ಆ ಹುಡುಗಿಗೆ ಉತ್ತರವನ್ನು ಅಂದೇ ರಾತ್ರಿ ಮೇಲ್ ಮಾಡಿದೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥ ಪ್ರಶ್ನೆ ಅದಾಗಿರಲಿಲ್ಲ. ಅವಳನ್ನು ಕೇಳಿಕೊಂಡು, ಹೆಸರು ಮತ್ತು ಸಂಸ್ಥೆ ಬಿಟ್ಟು, ಇಲ್ಲಿ ಹಾಕಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಆಮೇಲೆ ಬೆಂಗಳೂರಿನ ಒಂದು ಲ್ಯಾಬಿನಲ್ಲಿ 29 ವರ್ಷ ಹಣ್ಣಿನ ನೊಣ ಸಾಕಿದೆ. ಬಾಳೆಹಣ್ಣಿನ ಬುಟ್ಟಿಯ ಮೇಲೆ ಹಾರಾಡುತ್ತವಲ್ಲ, ಆ ಪುಟ್ಟ ನೊಣ. ವಿಜ್ಞಾನದಲ್ಲಿ ಡ್ರಾಸೊಫಿಲಾ ಅನ್ನುತ್ತಾರೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಬಿ.ಎಸ್ಸಿ. ಎರಡನೇ ವರ್ಷ ಮುಗಿದಿದೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಸಿಕ್ಕಿ ಬೆಂಗಳೂರಿನ ಒಂದು ನೊಣದ ಲ್ಯಾಬಿಗೆ ಎಂಟು ವಾರಕ್ಕೆ ಬಂದಿದ್ದೇನೆ. ಇವತ್ತಿಗೆ 19 ದಿನ ಆಯಿತು. ಮೊದಲ ವಾರ ಪೂರ್ತಿ ನೊಣ ಸಾಕುವ ಸಣ್ಣ ಗಾಜಿನ ಸೀಸೆ, ಅಂದರೆ ವಯಲ್ ತೊಳೆದೆ, ನೊಣದ ಆಹಾರ ಬೇಯಿಸುವ ಕಡೆ ನಿಂತೆ. ಊರಲ್ಲಿ ಅಮ್ಮ ‘ನಮ್ಮ ಹುಡುಗಿ ಸೈಂಟಿಸ್ಟ್ ಆಗ್ತಾಳೆ’ ಅಂತ ಎಲ್ಲರ ಹತ್ತಿರ ಹೇಳುತ್ತಿದ್ದಾರೆ. ನಾನಿಲ್ಲಿ ತೊಳೆಯೋ ಕೆಲಸ ಮಾಡ್ತಿದೀನಿ ಅಂತ ಹೇಗೆ ಹೇಳಲಿ? ಸೋಮವಾರದ ಲ್ಯಾಬ್ ಮೀಟಿಂಗಿನಲ್ಲಿ ಒಂದೂವರೆ ಗಂಟೆ ಕೂತರೂ ಅರ್ಥವಾಗುವುದು ನಾಲ್ಕು ಮಾತು. ಎಲ್ಲರೂ ಸರ್ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ.

ಇದೆಲ್ಲ ಇರಲಿ. ನಿಜವಾದ ವಿಷಯ ಬೇರೆ. ಕಳೆದ ಗುರುವಾರ ಪಿಎಚ್.ಡಿ. ಮಾಡುತ್ತಿರುವ ಅಕ್ಕ ನನ್ನ ಕೈಯಲ್ಲಿ ಆರು ವಯಲ್ ಕ್ರಾಸ್ ಹಾಕಿಸಿದರು, ಅಂದರೆ ಆರಿಸಿದ ಗಂಡು ಹೆಣ್ಣು ನೊಣಗಳನ್ನು ಮರಿ ಮಾಡಲು ಒಟ್ಟಿಗೆ ಬಿಡುವುದು. ಮೂರು ಒಂದು ಬಗೆ, ಮೂರು ಇನ್ನೊಂದು. ಮಾರ್ಕರ್ ಪೆನ್ನಿನಲ್ಲಿ ಗಾಜಿನ ಮೇಲೆ ಬರೆದಿದ್ದೆ. ಟೇಬಲ್ ಒರೆಸಿದ ಸ್ಪಿರಿಟ್ ಕೈಯಲ್ಲಿ ಹಾಗೇ ಇತ್ತು. ವಯಲ್ ಎತ್ತಿಡುವಾಗ ಬರೆದದ್ದು ಅಳಿಸಿಹೋಯಿತು. ನೆನಪಿನ ಮೇಲೆ ಮತ್ತೆ ಬರೆದು ಇನ್‌ಕ್ಯುಬೇಟರಿನಲ್ಲಿ ಇಟ್ಟೆ. ನಾಲ್ಕು ಖಂಡಿತ ಸರಿ. ಎರಡರ ಬಗ್ಗೆ ನನಗೇ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ನಿನ್ನೆ ಅಕ್ಕ ಬಂದು ‘ನಿನ್ನ ಕೈ ಚೆನ್ನಾಗಿದೆ ಕಣೇ, ಈ ಮರಿಗಳ ಎಣಿಕೆ ನನ್ನ ಥೀಸಿಸ್‌ಗೆ ಹೋಗುತ್ತೆ’ ಅಂದರು. ಆಮೇಲೆ ಊಟ ಸೇರುತ್ತಿಲ್ಲ. ಹೇಳಿದರೆ ಮನೆಗೆ ಕಳಿಸಿಬಿಡುತ್ತಾರಾ? ಸುಮ್ನೆ ಇದ್ದುಬಿಟ್ಟರೆ ಯಾರಿಗಾದರೂ ಗೊತ್ತಾಗುತ್ತಾ?
— ಹೆಸರು ಬೇಡ

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು ನೀನು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಸುಮ್ನೆ ಇದ್ದರೆ ಗೊತ್ತಾಗುತ್ತಾ ಅಂತ ಕೇಳಿದ್ದೀಯ. ಬಹುಶಃ ಗೊತ್ತಾಗುವುದಿಲ್ಲ. ನನಗೆ ಭಯ ಇರುವುದೇ ಅಲ್ಲಿ. ಎಣಿಕೆ ಸ್ವಲ್ಪ ಆಚೀಚೆ ಬರುತ್ತದೆ. ಅಕ್ಕ ತಲೆ ಕೆರೆದುಕೊಳ್ಳುತ್ತಾರೆ. ನೊಣದ ಮೇಲೆ, ಆಹಾರದ ಮೇಲೆ, ತಮ್ಮ ಐಡಿಯಾದ ಮೇಲೆ ಅನುಮಾನ ಪಡುತ್ತಾರೆ. ನೀನು ಜುಲೈನಲ್ಲಿ ಊರಿಗೆ ಹೋಗಿರುತ್ತೀಯ. ಅವರು ಡಿಸೆಂಬರಿನಲ್ಲೂ ಆ ಎರಡು ವಯಲ್‌ಗಳಿಗೆ ಕಾರಣ ಹುಡುಕುತ್ತಿರುತ್ತಾರೆ.

ಹಾಗಾಗಿ ನಾಳೆ ಬೆಳಗ್ಗೆ ಹೇಳು. ಅಕ್ಕ ಬ್ಯಾಗ್ ಇಟ್ಟು, ಮೈಕ್ರೋಸ್ಕೋಪ್ ಮುಂದೆ ಕೂರುವ ಮೊದಲು. ಮಾತು ಇಷ್ಟೇ ಇರಲಿ: ‘ಅಕ್ಕ, ಗುರುವಾರದ ಆರರಲ್ಲಿ ಎರಡು ವಯಲ್‌ಗಳ ಲೇಬಲ್ ನನಗೆ ಗ್ಯಾರಂಟಿ ಇಲ್ಲ. ಸ್ಪಿರಿಟ್ ತಾಗಿ ಅಳಿಸಿತ್ತು, ನೆನಪಿನಿಂದ ಬರೆದೆ. ಅವತ್ತೇ ಹೇಳಬೇಕಿತ್ತು, ಹೆದರಿದೆ.’ ಯಾವ ಎರಡು ಅಂತ ಕೈಯಲ್ಲಿ ಹಿಡಿದು ತೋರಿಸು. ಅದಕ್ಕಿಂತ ಜಾಸ್ತಿ ಏನೂ ಬೇಡ.

ನಾಳೆಯೇ ಯಾಕೆ ಅಂತ ಹೇಳುತ್ತೇನೆ. 25 ಡಿಗ್ರಿಯಲ್ಲಿ ಈ ನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು 10 ದಿನ ತೆಗೆದುಕೊಳ್ಳುತ್ತದೆ. ಒಂದು ದಿನ ಮೊಟ್ಟೆ, ನಾಲ್ಕೈದು ದಿನ ಹುಳ, ನಾಲ್ಕೈದು ದಿನ ಗೂಡು. ನಿನ್ನ ವಯಲ್‌ಗಳಿಗೆ ಈಗ ಐದು ದಿನ. ಆಹಾರ ಬಿಟ್ಟು ಗಾಜಿನ ಗೋಡೆ ಹತ್ತುತ್ತಿರುವ ಬಿಳಿ ಹುಳುಗಳನ್ನು ನೀನು ನೋಡಿರುತ್ತೀಯ. ತಂದೆ ತಾಯಿ ನೊಣಗಳು ಇನ್ನೂ ಬದುಕಿವೆ. ಒಳಗೇ ಇರಬಹುದು, ಇಲ್ಲವೇ ಬೇರೆ ವಯಲ್‌ಗೆ ದಾಟಿಸಿರಬಹುದು. ಮರಿಗಳು ರೆಕ್ಕೆ ಬಂದು ಹೊರಬಿದ್ದ ಮೇಲೆ ಯಾರು ಅಪ್ಪ, ಯಾರು ಮಗ ಅಂತ ಗುರುತು ಸಿಗುವುದಿಲ್ಲ. ಅದಕ್ಕೇ ಅಷ್ಟರೊಳಗೆ ದೊಡ್ಡ ನೊಣಗಳನ್ನು ತೆಗೆದು ಸ್ಪಿರಿಟ್ ಬಾಟಲಿಗೆ ಹಾಕಿಬಿಡುತ್ತಾರೆ. ಹಾಕಿದರೆ ಮುಗಿಯಿತು. ನಿನ್ನ ಎರಡು ವಯಲ್‌ಗಳ ನಿಜ ಗೊತ್ತಿರುವ ಸಾಕ್ಷಿ ಅವೇ.

ಯಾವ ನೊಣಗಳು ಅಂತ ನೀನು ಬರೆದಿಲ್ಲ. ಆದರೆ ಎಷ್ಟೋ ಕ್ರಾಸ್‌ಗಳಲ್ಲಿ ತಂದೆಯ ಮೈಯಲ್ಲೋ ತಾಯಿಯ ಮೈಯಲ್ಲೋ ಒಂದು ಗುರುತು ಇಟ್ಟಿರುತ್ತಾರೆ. ರೆಕ್ಕೆ ಸುರುಳಿ ಸುತ್ತಿರುತ್ತದೆ. ಕಣ್ಣು ಬೆಳ್ಳಗಿರುತ್ತದೆ. ಬೆನ್ನಿನ ಮುಳ್ಳುಗೂದಲು ಮೋಟಾಗಿರುತ್ತದೆ. ನಿನ್ನ ಕ್ರಾಸಿನಲ್ಲೂ ಅಂಥದ್ದಿದ್ದರೆ, ನೀನು ಐದು ರಾತ್ರಿ ನಿದ್ದೆಗೆಟ್ಟಿದ್ದನ್ನು ಅಕ್ಕ ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಗುರುತು ಇಲ್ಲ ಅನ್ನು, ಆಗಲೂ ದಾರಿ ಇದೆ. ಎರಡು ವಯಲ್ ಎಸೆದು ನಾಲ್ಕನ್ನು ಇಟ್ಟುಕೊಳ್ಳಬಹುದು, ಆರನ್ನೂ ಹೊಸದಾಗಿ ಹಾಕಬಹುದು. ನಿನಗೆ ಇನ್ನೂ 37 ದಿನ ಇದೆ. ನೊಣಕ್ಕೆ ಅದು ಮೂರು ತಲೆಮಾರು.

ಮನೆಗೆ ಕಳಿಸುತ್ತಾರಾ? ನನ್ನ 29 ವರ್ಷದಲ್ಲಿ ತಪ್ಪು ಒಪ್ಪಿಕೊಂಡ ಬೇಸಿಗೆ ಹುಡುಗರನ್ನು ಯಾರೂ ಕಳಿಸಿದ್ದು ನಾನು ನೋಡಿಲ್ಲ. ಅಕ್ಕನಿಗೆ ಕೋಪ ಬರಬಹುದು. ಎರಡು ದಿನ ಮಾತು ಕಡಿಮೆ ಮಾಡಬಹುದು. ಬರಲಿ ಬಿಡು, ಅದು ನ್ಯಾಯವಾದ ಕೋಪ. ಮೂರನೇ ದಿನ ನಿನ್ನ ಕೈಗೆ ಇನ್ನೊಂದು ಟ್ರೇ ಕೊಡುತ್ತಾರೆ. ಆಗ ಕೊಡುವುದು ನಿನ್ನನ್ನು ನಂಬಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನೂ ಒಮ್ಮೆ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಆಗ ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಆಹಾರ ಬೇಯಿಸುವುದು ನನ್ನ ಜವಾಬ್ದಾರಿ. ನೀನು ನೋಡಿದ್ದೀಯ ಅಲ್ವಾ? ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅಗರ್ ಕರಗಿಸಬೇಕು. ಮೆಕ್ಕೆಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ರಾಗಿ ಅಂಬಲಿಗೆ ಬಿಡುವ ಹಾಗೆ ಗಂಟಾಗದಂತೆ ಬಿಡಬೇಕು. ಸಕ್ಕರೆ, ಯೀಸ್ಟ್. ಕುದಿದ ಮೇಲೆ ಇಳಿಸಿ ಕೈಯಾಡಿಸುತ್ತಾ ಆರಿಸಬೇಕು. 60 ಡಿಗ್ರಿ ಹತ್ತಿರ ಬಂದಾಗ ಪ್ರೊಪಿಯಾನಿಕ್ ಆಸಿಡ್, ಆಲ್ಕೋಹಾಲಿನಲ್ಲಿ ಕರಗಿಸಿದ ನಿಪಾಜಿನ್. ಎರಡೂ ಬೂಷ್ಟು ತಡೆಯುವಂಥವು. ತೀರಾ ಬಿಸಿ ಇರುವಾಗ ಹಾಕಿದರೆ ಆಸಿಡ್ ಆವಿಯಾಗಿ ಮೂಗಿಗೆ ಹೊಡೆಯುತ್ತದೆ. ತೀರಾ ಆರಿದರೆ ಅಗರ್ ಗಟ್ಟಿಯಾಗಿ ವಯಲ್‌ಗೆ ಸುರಿಯಲು ಬರುವುದಿಲ್ಲ. ನಡುವೆ ಸಿಗುವುದು ಕೆಲವೇ ನಿಮಿಷ.

ಒಂದು ಶುಕ್ರವಾರ ಸಂಜೆ ಆ ನಿಮಿಷಗಳಲ್ಲೇ ಯಾರೋ ಕರೆದರು. ಹೋಗಿ ಬಂದೆ. ನಿಪಾಜಿನ್ ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಹಾಕಿರಬೇಕು ಅಂದುಕೊಂಡು 300 ವಯಲ್ ತುಂಬಿಸಿದೆ. ಸೋಮವಾರ ಏನೂ ಕಾಣಲಿಲ್ಲ. ಬುಧವಾರ ಆಹಾರದ ಮೇಲೆ ಬಿಳಿ ನೂಲಿನಂಥದ್ದು ಎದ್ದಿತು. ಶುಕ್ರವಾರಕ್ಕೆ ಹಸಿರು. ಇಡೀ ಲ್ಯಾಬ್ ಗಾಬರಿಯಾಯಿತು. ಒಬ್ಬರು ಹತ್ತಿಯ ಬಿರಡೆ ಕೆಟ್ಟಿದೆ ಅಂದರು, ಎಲ್ಲ ಹತ್ತಿಯನ್ನೂ ಮತ್ತೆ ಆಟೋಕ್ಲೇವ್ ಮಾಡಿದರು, ಅಂದರೆ ಒತ್ತಡದ ಹಬೆಯಲ್ಲಿಟ್ಟು ಶುದ್ಧ ಮಾಡಿದರು. ಇನ್ನೊಬ್ಬರು ಎ.ಸಿ. ಬಿಚ್ಚಿಸಿದರು. ಕೊನೆಗೆ ಹಿಟ್ಟೇ ಕೆಟ್ಟದ್ದು ಅಂತ ಮೂಟೆಯನ್ನು ಅಂಗಡಿಗೆ ವಾಪಸ್ ಕಳಿಸಿದರು. ಅಂಗಡಿಯವರು ಪಾಪ, ಕ್ಷಮೆ ಕೇಳಿ ಬೇರೆ ಮೂಟೆ ಕೊಟ್ಟರು. ಅವರೇನೂ ತಪ್ಪು ಮಾಡಿರಲಿಲ್ಲ. ಮೂಟೆ ಹೊತ್ತು ಮೆಟ್ಟಿಲಿಳಿಯುತ್ತಿದ್ದ ಅವರ ಬೆನ್ನು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂಬತ್ತನೇ ದಿನ ನಮ್ಮ ಪ್ರೊಫೆಸರ್ ಕೋಣೆಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ‘ಎಂಟು ದಿನ ನಾವೆಲ್ಲ ಹುಡುಕಿದ್ದು ನಿನ್ನ ಈ ಒಂದು ಮಾತನ್ನು’ ಅಂದರು. ಆಮೇಲೆ ಎದ್ದು ಬಂದು ಅಡುಗೆ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದರು. ಅಗರ್, ಹಿಟ್ಟು, ಸಕ್ಕರೆ, ಯೀಸ್ಟ್, ಆಸಿಡ್, ನಿಪಾಜಿನ್. ಒಂದೊಂದು ಹಾಕಿದ ಕೂಡಲೇ ಅದರ ಮುಂದೆ ಟಿಕ್, ಕೆಳಗೆ ಸಹಿ. ನಾನು ನಿವೃತ್ತಳಾದ ದಿನವೂ ಆ ಗೋಡೆಯಲ್ಲಿ ಅಂಥ ಹಾಳೆ ಇತ್ತು.

ನೀನು ಹೆದರಿದ್ದರಲ್ಲಿ ನಿನ್ನ ತಪ್ಪು ಅರ್ಧ. ಇನ್ನರ್ಧ ನಮ್ಮ ಡಿಗ್ರಿ ಕಾಲೇಜುಗಳದ್ದು. ಪ್ರಾಕ್ಟಿಕಲ್ ರೆಕಾರ್ಡ್ ಹೇಗೆ ಬರೆಯುತ್ತೇವೆ ಹೇಳು? ಪಕ್ಕದಲ್ಲಿ ಸೀನಿಯರ್ ರೆಕಾರ್ಡ್. ಬಿಳಿ ಪುಟದಲ್ಲಿ ಚಿತ್ರ, ಗೆರೆ ಪುಟದಲ್ಲಿ ಬರಹ. ಟೈಟ್ರೇಷನ್ ಮೂರು ಸಲ ಮಾಡಿದರೂ ಮೂರು ರೀಡಿಂಗ್ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ. ಬರಬೇಕಾದ ಉತ್ತರ ಮೊದಲೇ ಗೊತ್ತು. ಬೇರೆ ಬಂದರೆ ಮಾರ್ಕ್ಸ್ ಹೋಗುತ್ತದೆ, ಅದಕ್ಕೇ ತಿದ್ದುತ್ತೇವೆ. ವರ್ಷಗಟ್ಟಲೆ ಹಾಗೆ ತಿದ್ದಿ ತಿದ್ದಿ ಅಭ್ಯಾಸವಾದ ಕೈ ಲ್ಯಾಬಿಗೆ ಬಂದರೂ ಮೊದಲು ಮಾಡುವುದು ಅದನ್ನೇ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಲ್ಯಾಬಿನಲ್ಲಿ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಸರ್‌ಗೂ ಗೊತ್ತಿಲ್ಲ. ಇರುವುದು ನಿನ್ನ ನೋಟ್‌ಬುಕ್ಕಿನಲ್ಲಿ ನೀನು ಬರೆದದ್ದು ಮಾತ್ರ.

ಹಾಗಾಗಿ ನೋಟ್‌ಬುಕ್ ವಿಷಯ ಸ್ವಲ್ಪ ಹೇಳುತ್ತೇನೆ. ಹಾಳೆಗಳಿಗೆ ಇವತ್ತೇ ನಂಬರ್ ಹಾಕು. ಪೆನ್ನಿನಲ್ಲಿ ಬರೆ. ತಪ್ಪಾದರೆ ಒಂದೇ ಗೆರೆ ಎಳೆ, ಕೆಳಗಿರುವುದು ಓದಲು ಬರಬೇಕು. ವೈಟ್ನರ್ ಬೇಡ, ಹಾಳೆ ಹರಿಯುವುದು ಬೇಡ. ಗುರುವಾರದ ಪುಟಕ್ಕೆ ಹೋಗಿ ಹಳೆಯದನ್ನು ಮುಟ್ಟದೆ ಕೆಳಗೆ ಇವತ್ತಿನ ತಾರೀಖು ಹಾಕಿ ನಡೆದದ್ದನ್ನು ಬರೆ. ವಯಲ್ ಲೇಬಲ್‌ಗೆ ಮಾತ್ರ ಉಲ್ಟಾ. ಅಲ್ಲಿ ಪೇಪರ್ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಬರೆ. ಪೆನ್ಸಿಲ್ ಗುರುತು ಸ್ಪಿರಿಟ್‌ಗೆ ಅಳಿಸುವುದಿಲ್ಲ. ಹತ್ತಿಯ ಬಿರಡೆಯ ಮೇಲೆ ಗುರುತು ಮಾಡಬೇಡ, ಬಿರಡೆಗಳು ಅದಲುಬದಲಾಗುತ್ತವೆ. ಕ್ರಾಸಿನ ನಂಬರ್, ತಾರೀಖು, ನಿನ್ನ ಹೆಸರಿನ ಮೊದಲ ಅಕ್ಷರ, ಮೂರೂ ಇರಲಿ.

ಇನ್ನು ವಯಲ್ ತೊಳೆಯುವ ಬೇಸರ.

1910ರ ಸುಮಾರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ನೊಣದ ಕೋಣೆ ಇತ್ತು. 16 ಅಡಿ, 23 ಅಡಿ. ನಮ್ಮ ಹಳ್ಳಿ ಮನೆಯ ಪಡಸಾಲೆಯಷ್ಟು. ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ನೊಣ ಸಾಕುತ್ತಿದ್ದರು. ಕ್ಯಾಲ್ವಿನ್ ಬ್ರಿಡ್ಜಸ್ ಅಂತ ನಿನ್ನ ಹಾಗೇ ಡಿಗ್ರಿ ಓದುವ ಹುಡುಗ ಆ ಬಾಟಲಿಗಳನ್ನು ತೊಳೆಯುವ ಕೆಲಸಕ್ಕೆ ಸೇರಿದ. ಒಂದು ದಿನ ತೊಳೆಯಲು ಬಂದ ಬಾಟಲಿಯ ದಪ್ಪ ಗಾಜಿನ ಹಿಂದೆ, ಬರಿಗಣ್ಣಿನಲ್ಲಿ, ಒಂದು ನೊಣದ ಕಣ್ಣಿನ ಬಣ್ಣ ಬೇರೆ ಇರುವುದನ್ನು ಕಂಡ. ಸಾಮಾನ್ಯ ನೊಣದ ಕಣ್ಣು ಇಟ್ಟಿಗೆ ಕೆಂಪು. ಇದರದು ಹೊಳೆಯುವ ಕುಂಕುಮದ ಕೆಂಪು. ನೊಣ ಇರುವುದೇ ಮೂರು ಮಿಲಿಮೀಟರ್, ಅದರ ಕಣ್ಣು ಎಷ್ಟಿರಬಹುದು ಯೋಚಿಸು. ಮಾರ್ಗನ್ ಆ ಹುಡುಗನನ್ನು ಸಂಶೋಧನೆಗೆ ಎಳೆದುಕೊಂಡರು. ಮುಂದೆ ಬ್ರಿಡ್ಜಸ್ ಲೆಕ್ಕಕ್ಕೆ ಹೊಂದದ ನೊಣಗಳ ಬೆನ್ನು ಹತ್ತಿದ. ಜೀನ್‌ಗಳು ಇರುವುದು ಜೀವಕೋಶದೊಳಗಿನ ಎಳೆಗಳಾದ ಕ್ರೋಮೋಸೋಮಿನಲ್ಲೇ ಅಂತ ಅವುಗಳಿಂದಲೇ ತೋರಿಸಿದ. ‘ಜೆನೆಟಿಕ್ಸ್’ ಪತ್ರಿಕೆ 1916ರಲ್ಲಿ ಶುರುವಾದಾಗ ಅದರ ಮೊದಲ ಲೇಖನ ಅವನದೇ. ಅದೇ ಕೋಣೆಯಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಅಂತ ಇನ್ನೊಬ್ಬ ಡಿಗ್ರಿ ಹುಡುಗ ಇದ್ದ. ಒಂದು ರಾತ್ರಿ ಕಾಲೇಜಿನ ಹೋಂವರ್ಕ್ ಪಕ್ಕಕ್ಕಿಟ್ಟು ಕೂತು ಜೀನ್‌ಗಳ ಮೊದಲ ನಕ್ಷೆ ಬರೆದ. ಅದು 1911, ಅಚ್ಚಾದದ್ದು 1913.

ತೊಳೆಯುವ ಸಿಂಕಿನ ಮುಂದೆ ನಿಂತಾಗ ಲ್ಯಾಬಿನ ಎಲ್ಲರ ಕೆಲಸ ನಿನ್ನ ಕೈ ಮೇಲೆ ಹಾದು ಹೋಗುತ್ತದೆ. ಯಾರ ವಯಲ್‌ನಲ್ಲಿ ಹುಳ ಗಿಜಿಗುಟ್ಟುತ್ತಿದೆ, ಯಾರದ್ದರಲ್ಲಿ ಮೊಟ್ಟೆಯೇ ಒಡೆದಿಲ್ಲ, ಯಾವುದರಲ್ಲಿ ಗೂಡುಗಳು ಕಪ್ಪಗಾಗಿ ಸತ್ತಿವೆ. ತೊಳೆಯುವ ಮೊದಲು ಬೆಳಕಿಗೆ ಹಿಡಿದು ನೋಡು. ಯಾಕೆ ಹೀಗಾಗಿದೆ ಅಂತ ಆ ವಯಲ್ ಯಾರದ್ದೋ ಅವರನ್ನೇ ಕೇಳು. ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಅವರನ್ನು ಅದನ್ನು ಕೇಳುವವರು ಬೇರೆ ಯಾರೂ ಇರುವುದಿಲ್ಲ.

ಮತ್ತೆ, ಹೆಣ್ಣು ಗಂಡು ಬೇರೆ ಮಾಡುವುದನ್ನು ಬೇಗ ಕೈವಶ ಮಾಡಿಕೊ. ಆಗತಾನೆ ಗೂಡು ಬಿಟ್ಟ ಹೆಣ್ಣು ನೊಣವನ್ನು ಬ್ರಶ್ಶಿನಿಂದ ಮೆಲ್ಲಗೆ ಮಗುಚಿ ನೋಡು. ಮೈ ಇನ್ನೂ ಬಿಳಿಚಿಕೊಂಡಿರುತ್ತದೆ. ರೆಕ್ಕೆ ಮಡಚಿದ ಕೊಡೆ. ಹೊಟ್ಟೆಯ ತೆಳು ಚರ್ಮದ ಒಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಗೂಡಿಗೆ ಸೇರುವ ಮೊದಲಿನ ಊಟದ ಶೇಷ, ಕೆಲವು ಗಂಟೆಗಳಲ್ಲಿ ಹೋಗಿಬಿಡುತ್ತದೆ. ಚುಕ್ಕೆ ಇದೆ ಅಂದರೆ ಆ ಹೆಣ್ಣು ಇನ್ನೂ ಕೂಡಿಲ್ಲ ಅಂತ ನಂಬಬಹುದು. 25 ಡಿಗ್ರಿಯಲ್ಲಿ ನಿನಗೆ ಸಿಗುವ ಸಮಯ ಸುಮಾರು 8 ಗಂಟೆ. ಅದಕ್ಕೇ ಬೆಳಗ್ಗೆ ಬಂದು ವಯಲ್ ಖಾಲಿ ಮಾಡುತ್ತಾರೆ, ಮಧ್ಯಾಹ್ನ ಮತ್ತೆ ಬಂದು ಆರಿಸುತ್ತಾರೆ. ಒಮ್ಮೆ ಕೂಡಿದ ಹೆಣ್ಣು ಆ ಗಂಡಿನ ಬೀಜವನ್ನು ದಿನಗಟ್ಟಲೆ ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಒಂದೇ ಒಂದು ತಪ್ಪು ಹೆಣ್ಣು ಸೇರಿದರೂ ಆ ವಯಲ್ ಕೆಟ್ಟಿತು. ನೀನು ಮಾಡುತ್ತಿರುವುದು ಚಿಕ್ಕ ಕೆಲಸ ಅಲ್ಲ, ಪುಟ್ಟಿ.

ಮೀಟಿಂಗಿನ ಇಂಗ್ಲಿಷ್ ಬಗ್ಗೆ. ನಿನಗೆ ಅಡ್ಡ ಬರುತ್ತಿರುವುದು ಇಂಗ್ಲಿಷ್ ಕಡಿಮೆ, ಜೀನ್‌ಗಳ ಹೆಸರು ಜಾಸ್ತಿ. ದೆಹಲಿಯಿಂದ ಬಂದ ಹುಡುಗನಿಗೂ ಮೊದಲ ತಿಂಗಳು ಅರ್ಥವಾಗುವುದಿಲ್ಲ, ಅವನು ತಲೆಯಾಡಿಸುತ್ತಾನೆ ಅಷ್ಟೇ. ಸೋಮವಾರ ಚರ್ಚೆಯಾಗುವ ಸಂಶೋಧನಾ ಪೇಪರನ್ನು ಶನಿವಾರವೇ ಕೇಳಿ ತೆಗೆದುಕೊ. ಪೂರ್ತಿ ಓದಬೇಡ. ಚಿತ್ರಗಳನ್ನೂ ಅವುಗಳ ಕೆಳಗಿನ ಸಾಲುಗಳನ್ನೂ ಮಾತ್ರ ಓದು. ಗೊತ್ತಿಲ್ಲದ ಹತ್ತು ಪದ ಬರೆದುಕೊ. ಮೀಟಿಂಗಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳು. ‘ಈ ಚಿತ್ರದಲ್ಲಿ ಕಂಟ್ರೋಲ್ ಯಾವುದು?’, ಅಂದರೆ ಹೋಲಿಸಿ ನೋಡಲು ಇಟ್ಟದ್ದು ಯಾವುದು ಅಂತ ಕೇಳಿದರೂ ಸಾಕು. ಅದು ಯಾವಾಗಲೂ ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಬಾಯಿ ಬರದಿದ್ದರೆ ಕನ್ನಡ ಬೆರೆಸಿ ಕೇಳು, ಅಲ್ಲಿ ಯಾರಾದರೂ ಒಬ್ಬರು ತಿರುಗಿಸಿ ಹೇಳುತ್ತಾರೆ.

ಸರ್ ಅವರನ್ನು ಸರ್ ಅಂತಲೇ ಕರೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಮ್ಮನಿಗೆ ಫೋನ್ ಮಾಡಿದಾಗ ಆ ಕಪ್ಪು ಚುಕ್ಕೆಯ ಕಥೆ ಹೇಳು. ಮನೆಯಲ್ಲಿ ಬಾಳೆಹಣ್ಣು ಇಟ್ಟರೆ ಅವರೂ ಈ ನೊಣ ನೋಡಬಹುದು.

ನಾಳೆ ಹೇಳಿದ ಮೇಲೆ ನನಗೊಂದು ಸಾಲು ಬರೆ. ಆಮೇಲೆ ಹೊಟ್ಟೆ ತುಂಬ ಊಟ ಮಾಡು.

ಪ್ರಶ್ನೆ: ನಮಸ್ಕಾರ ರೀ ಮೇಡಂ. ನನ್ನ ಮಗಳು ಬಿ.ಎಸ್ಸಿ. ಓದತಾಳ. ಬೇಸಿಗೆಯಾಗ ದೊಡ್ಡ ಸಂಸ್ಥೆಯೊಳಗ ಕೆಲಸ ಕಲೀಬೇಕು ಅಂತಾಳ. ನಮಗ ಅಲ್ಲಿ ಯಾರ ಪರಿಚಯನೂ ಇಲ್ಲ. ಒಂದು ಕಡೆ ರೊಕ್ಕ ಕಟ್ಟಿದರ ಸರ್ಟಿಫಿಕೇಟ್ ಕೊಡತೇವಿ ಅಂದ್ರು. ಕಟ್ಟಬೇಕ?
— ಒಬ್ಬ ತಂದೆ, ಗದಗ

ಉತ್ತರ: ಕಟ್ಟಬೇಡಿ. ಸಂಶೋಧನೆ ಕಲಿಸುವ ಒಳ್ಳೆಯ ಬೇಸಿಗೆ ಫೆಲೋಶಿಪ್‌ಗಳಲ್ಲಿ ಅವರೇ ವಿದ್ಯಾರ್ಥಿಗೆ ಹಣ ಕೊಡುತ್ತಾರೆ. ನೀವು ಸರ್ಟಿಫಿಕೇಟಿಗೆ ಕಟ್ಟಬೇಕಾಗಿಲ್ಲ.

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ನಡೆಸುತ್ತವೆ. ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಕಾಡೆಮಿ, ದೆಹಲಿಯದು, ಪ್ರಯಾಗರಾಜಿನದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಬೇರೆ ಬೇಸಿಗೆ ಫೆಲೋಶಿಪ್ ಇದೆ. ಹಣ, ತಾರೀಖು ವರ್ಷ ವರ್ಷ ಬದಲಾಗುತ್ತವೆ, ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡಿ. ಬೇಸಿಗೆ ಬಂದ ಮೇಲೆ ಹುಡುಕಬೇಡಿ, ತಿಂಗಳುಗಳ ಮೊದಲೇ ಕಣ್ಣಿಡಿ.

ಪರಿಚಯ ಬೇಕಾಗಿಲ್ಲ. ಪಾಠ ಮಾಡಿದ ಅಧ್ಯಾಪಕರ ಒಂದು ಪತ್ರ ಬೇಕಾಗುತ್ತದೆ. ಯಾಕೆ ಹೋಗಬೇಕು ಅಂತ ಮಗಳೇ ಸ್ವಲ್ಪ ಬರೆಯಬೇಕಾಗುತ್ತದೆ. ಅದನ್ನು ಯಾರಿಂದಲೂ ಬರೆಸಬೇಡಿ. ‘ಬಾಲ್ಯದಿಂದ ವಿಜ್ಞಾನದಲ್ಲಿ ಆಸಕ್ತಿ’ ಅನ್ನುವ ಸಾಲು ಎಲ್ಲರೂ ಬರೆಯುತ್ತಾರೆ. ನಿಮ್ಮ ಹೊಲದ ಕಡಲೆಗೆ ಬಿದ್ದ ಕಾಯಿಕೊರಕ ಹುಳ ನೋಡಿ ಅವಳಿಗೆ ಒಂದು ಪ್ರಶ್ನೆ ಬಂದಿದ್ದರೆ ಅದನ್ನೇ ಬರೆಯಲಿ. ಅಂಥ ಅರ್ಜಿಯನ್ನು ಓದುವವರು ನಿಂತು ಓದುತ್ತಾರೆ. ಇನ್ನೊಂದು ಮಾತು: ಅಕಾಡೆಮಿಗಳ ಫೆಲೋಶಿಪ್ ಅಧ್ಯಾಪಕರಿಗೂ ಇದೆ. ಅವಳ ಕಾಲೇಜಿನ ಮೇಡಂ, ಸರ್‌ಗಳಿಗೂ ತಿಳಿಸಿ.

ಪ್ರಶ್ನೆ: ನಾನು ಬಳ್ಳಾರಿ ಕಡೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತೇನೆ. ತಳಿಶಾಸ್ತ್ರದ ಪ್ರಾಕ್ಟಿಕಲ್ ಅಂದರೆ ನಮ್ಮಲ್ಲಿ ಕಪ್ಪು ಬಿಳಿ ಮಣಿ ಎಣಿಸುವುದು. ನಿಜವಾದ ನೊಣ ಸಾಕಿ ಮಾಡಿಸಬಹುದೇ? ಇರುವುದು ಎರಡು ಮೈಕ್ರೋಸ್ಕೋಪ್.
— ಉಪನ್ಯಾಸಕಿ

ಉತ್ತರ: ಖಂಡಿತ ಮಾಡಿಸಿ. ನಿಮ್ಮ ಕಾಗದ ನೋಡಿ ತುಂಬಾ ಸಂತೋಷವಾಯಿತು. ಎಂ.ಎಸ್ಸಿ.ಯಲ್ಲಿ ನಾವು ಬಾಳೆಹಣ್ಣು ಕಿವುಚಿ ಯೀಸ್ಟ್ ಉದುರಿಸಿದ ಬಾಟಲಿಗಳನ್ನು ಚಾಮುಂಡಿ ಬೆಟ್ಟದ ಪೊದೆಗಳಿಗೆ ಕಟ್ಟಿ ಬರುತ್ತಿದ್ದೆವು. ಮರುದಿನ ಬೆಳಗ್ಗೆ ಹೋದರೆ ಒಳಗೆ ನೊಣ. ಮಕ್ಕಳಿಗೆ ಅದರಿಂದಲೇ ಶುರು ಮಾಡಿಸಿ. ಕ್ರಾಸ್‌ಗೆ ಮಾತ್ರ ಗೊತ್ತಿರುವ ತಳಿ ಬೇಕು. ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲಾ ಸ್ಟಾಕ್ ಸೆಂಟರ್ ಇದೆ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಅಲ್ಲಿಗೆ ಬರೆದು ಕೆಂಪು ಕಣ್ಣಿನ ಸಾಮಾನ್ಯ ತಳಿ, ಬಿಳಿ ಕಣ್ಣಿನ ತಳಿ, ಎರಡನ್ನು ಕೇಳಿ.

ಇನ್ನೂ ಯಾವ ಗಂಡಿನ ಜೊತೆಯೂ ಕೂಡದ ಬಿಳಿ ಕಣ್ಣಿನ ಹೆಣ್ಣು, ಕೆಂಪು ಕಣ್ಣಿನ ಗಂಡು ಹಾಕಿಸಿ. 10-12 ದಿನದಲ್ಲಿ ಹೆಣ್ಣು ಮಕ್ಕಳೆಲ್ಲ ಕೆಂಪು ಕಣ್ಣು, ಗಂಡು ಮಕ್ಕಳೆಲ್ಲ ಬಿಳಿ ಕಣ್ಣು. ಒಂದೇ ತಲೆಮಾರಿನಲ್ಲಿ ಎಕ್ಸ್ ಕ್ರೋಮೋಸೋಮ್ ಕಣ್ಣಿಗೆ ಕಾಣುತ್ತದೆ. ಎರಡು ಮೈಕ್ರೋಸ್ಕೋಪ್ ಸಾಕು, ಕಣ್ಣಿನ ಬಣ್ಣ ಕೈಲೆನ್ಸಿನಲ್ಲೂ ತಿಳಿಯುತ್ತದೆ. ನೊಣಕ್ಕೆ ಮಂಪರು ಬರಿಸಲು ಈಥರ್ ಬಳಸುವುದಾದರೆ ಹತ್ತಿರ ಎಲ್ಲೂ ಬೆಂಕಿ ಇರಬಾರದು, ಕಿಟಕಿ ತೆರೆದಿರಬೇಕು.

ಎಲ್ಲೋ ಒಂದು ಬಿಳಿ ಕಣ್ಣಿನ ಹೆಣ್ಣು ಮರಿ ಬರಬಹುದು. ಬಹುಮಟ್ಟಿಗೆ ಅದು ಹೆಣ್ಣನ್ನು ಆರಿಸುವಾಗ ಆದ ತಪ್ಪು. ಸಾವಿರಾರರಲ್ಲಿ ಒಂದು ಸಲ ಬ್ರಿಡ್ಜಸ್ ಬೆನ್ನು ಹತ್ತಿದ, ಲೆಕ್ಕಕ್ಕೆ ಹೊಂದದ ನೊಣವೇ ಇರಬಹುದು. ಎರಡರಲ್ಲಿ ಯಾವುದಾದರೂ ಸರಿ, ರೆಕಾರ್ಡಿನಲ್ಲಿ ಅದು ಇರಬೇಕು. ಮಾರ್ಗನ್ 1910ರಲ್ಲಿ ಬಿಳಿ ಕಣ್ಣಿನ ಒಂದು ಗಂಡನ್ನು ಕೆಂಪು ಕಣ್ಣಿನ ಹೆಣ್ಣುಗಳ ಜೊತೆ ಬಿಟ್ಟಾಗ 1237 ಕೆಂಪು ಕಣ್ಣಿನವು ಬಂದವು. ಜೊತೆಗೆ ಬರಬಾರದಿದ್ದ 3 ಬಿಳಿ ಕಣ್ಣಿನ ಗಂಡುಗಳು. ಅವರು ಆ ಮೂರನ್ನೂ ಅಚ್ಚು ಹಾಕಿಸಿದರು. ಮುಂದಿನ ತಲೆಮಾರಿನಲ್ಲಿ 4252 ನೊಣ. ಕಾಲು ಭಾಗ ಅಂದರೆ 1063 ಬಿಳಿ ಕಣ್ಣು ಬರಬೇಕಿತ್ತು, ಬಂದದ್ದು 782. ಅದನ್ನೂ ಹಾಗೇ ಬರೆದರು. ಬಿಳಿ ಕಣ್ಣಿನ ನೊಣಗಳು ಬದುಕುಳಿಯುವುದು ಕಡಿಮೆ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಲೆಕ್ಕ ಹೊಂದದ ರೆಕಾರ್ಡಿಗೂ ಪೂರ್ತಿ ಮಾರ್ಕ್ಸ್ ಅಂತ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ. ಮೊದಲ ಪ್ರಶ್ನೆ ಕೇಳಿದ ಹುಡುಗಿಯಂಥವರು ನಿಮ್ಮ ತರಗತಿಯಲ್ಲೂ ಇರುತ್ತಾರೆ.

ನಿಮ್ಮ ಕಡೆಯ ಬಿಸಿಲಿನದ್ದೇ ಒಂದು ತೊಂದರೆ. ಕೋಣೆ 30 ಡಿಗ್ರಿ ಮುಟ್ಟಿದರೆ ಗಂಡು ನೊಣಗಳು ಗೊಡ್ಡಾಗುತ್ತವೆ. ಏಪ್ರಿಲ್, ಮೇ ಬೇಡ. ಮಳೆ ಬಿದ್ದು ಗೋಡೆ ತಣ್ಣಗಾಗಲಿ. ಅಲ್ಲಿಯವರೆಗೆ ಮೈಸೂರಿಗೆ ಕಾಗದ ಬರೆದಿಟ್ಟು, ಖಾಲಿ ಜಾಮ್ ಬಾಟಲಿ ಕೂಡಿಸಿ, ಒಂದು ಸಲ ಮನೆಯಲ್ಲೇ ಆಹಾರ ಬೇಯಿಸಿ ನೋಡಿ. ಗಂಟಾದರೆ ನನಗೆ ಬರೆಯಿರಿ.